ಗುಡ್ಡದ ಇದ್ದಿಲು, ಕೆರೆಯ ಹೂಳು

"ಆಕಾಶಕ್ಕೆ ಮೊದಲು ಹೊಗೆ ತುಂಬಿದವರು ಅವರು. ಬೇರೆಯವರ ನೆಲದ ಮೇಲೆ ಗೆರೆ ಎಳೆದು ಹಂಚಿಕೊಂಡವರು ಅವರು. ಆ ಗೆರೆಯ ಎರಡೂ ಬದಿಗೆ ಬಂದೂಕು ಮಾರಿದವರೂ ಅವರೇ. ಈಗ ಅದೇ ಯುರೋಪಿನವರು ಶಾಂತಿ ಎನ್ನುತ್ತಾರೆ, ಭೂಮಿ ಬಿಸಿಯಾಗುತ್ತಿದೆ ಎನ್ನುತ್ತಾರೆ, ಹೇಗೆ ಬಾಳಬೇಕೆಂದು ನಮಗೆ ಹೇಳಿಕೊಡುತ್ತಾರೆ. ಗುರುವೇ, ಕೆಡಿಸಿದವನೇ ನ್ಯಾಯ ಹೇಳಲು ಬಂದರೆ ಕೇಳಬೇಕೇ, ಅಟ್ಟಬೇಕೇ?"

ಶಿಷ್ಯ ನಿಂತಲ್ಲೇ ಕೇಳಿದ. ಗುರು ಅವನನ್ನು ಕೂರಿಸಿ, ಕುಡಿಯಲು ನೀರು ಕೊಟ್ಟು, ಈ ಕತೆ ಹೇಳಿದರು.

ಒಂದು ಗುಡ್ಡದ ಬುಡದಲ್ಲಿ ಕೆರೆಯಿತ್ತು. ಕೆರೆಯ ಕೆಳಗೆ ಎರಡು ಊರು, ಮೂಡಲೂರು ಮತ್ತು ಪಡುವಲೂರು. ಗುಡ್ಡದ ಮೇಲೆ ಒಬ್ಬ ಕುಲುಮೆ ಯಜಮಾನ. ಸಾಲು ಕುಲುಮೆ ಹಾಕಿಸಿ, ಕಬ್ಬಿಣ ಕಾಯಿಸಿ, ಚೆನ್ನಾಗಿ ಬಾಳಿದವನು. ಕುಲುಮೆಗೆ ಇದ್ದಿಲು ಬೇಕು, ಇದ್ದಿಲಿಗೆ ಮರ ಬೇಕು. ಅವನ ತಾತನ ಕಾಲದಿಂದ ಕಡಿದು ಕಡಿದು ಗುಡ್ಡ ಬೋಳಾಯಿತು. ಹಿಡಿದು ನಿಲ್ಲಿಸಲು ಬೇರಿಲ್ಲದ ಮಣ್ಣು ಮಳೆಗೆ ಜಾರಿ ಕೆರೆಗೆ ಇಳಿಯಿತು. ಎರಡೂರಿಗೆ ಸಾಕಾಗಿ ಮಿಗುತ್ತಿದ್ದ ನೀರು ಒಂದೂರಿಗೂ ಸಾಲದಾಯಿತು.

ಆ ಕೆರೆಗೆ ಹಿಂದಿನವರು ಮಾಡಿಟ್ಟ ಒಂದು ಕಟ್ಟಳೆಯಿತ್ತು. ಯಾರ ನೆಲದ ಮಣ್ಣು ಕೆರೆಗೆ ಇಳಿಯಿತೋ, ಹೂಳಿನ ಮೊದಲ ಪುಟ್ಟಿ ಅವರ ತಲೆಯ ಮೇಲೆ. ಆಮೇಲೆ ಮಿಕ್ಕಿದ್ದನ್ನು ಎಲ್ಲರೂ ಸೇರಿ ಎತ್ತಬೇಕು. ಕೆರೆಯ ಅಂಚಿನಲ್ಲಿ ಎರಡೂರಿನವರ ಹೊಲಗಳೂ ಇದ್ದವು. ನಿಮ್ಮ ಹೊಲದ ಮಣ್ಣು ಎಂದು ಇವರು, ನಿಮ್ಮದೇ ಎಂದು ಅವರು. ಮೊದಲ ಪುಟ್ಟಿ ಹೊತ್ತರೆ ತಪ್ಪು ಒಪ್ಪಿಕೊಂಡಂತೆ. ಅದಕ್ಕೇ ಯಾರೂ ಹೊರಲಿಲ್ಲ. ಹೂಳು ಅಲ್ಲೇ ಕೂತಿತು. ತಲೆ ಎತ್ತಿ ಗುಡ್ಡವನ್ನು ನೋಡಬೇಕೆಂದು ಒಬ್ಬರಿಗೂ ತೋಚಲಿಲ್ಲ. ಜಗಳ ಬೆಳೆದು ಎರಡೂರಿನವರೂ ಮಚ್ಚು ಕೊಂಡರು. ಎರಡೂರಿಗೂ ಮಾರಿದವನು ಕುಲುಮೆ ಯಜಮಾನ.

ನಡುವೆ ಸಿಕ್ಕಿಕೊಂಡವನು ನೀರುಗಂಟಿ. ತೂಬು ಎತ್ತಿ ಇಬ್ಬರಿಗೂ ನೀರು ಹಂಚುವುದು ಅವನ ಕೆಲಸ. ಮರುದಿನ ಬೆಳಗಾದರೆ ತೂಬು ಎತ್ತಬೇಕಿತ್ತು. ನೀರು ಮೊದಲು ನಮಗೆ ಬರದಿದ್ದರೆ ನಿನ್ನನ್ನು ಅಲ್ಲೇ ಹೂಳುತ್ತೇವೆ ಎಂದು ಮೂಡಲೂರಿನವರು ಹೇಳಿ ಹೋಗಿದ್ದರು. ಪಡುವಲೂರಿನವರೂ ಅದನ್ನೇ ಹೇಳಿದ್ದರು. ಓಡಿಹೋಗೋಣವೆಂದರೆ, ತೂಬಿನ ಬಳಿ ಎರಡೂರೂ ಕಡಿದಾಡಿ ಸಾಯುವುದು ಖಂಡಿತ.

ಆ ಮಧ್ಯಾಹ್ನ ಕುಲುಮೆ ಯಜಮಾನ ಗಾಡಿ ಕಟ್ಟಿಸಿಕೊಂಡು ಇಳಿದು ಬಂದ. ಅವನಿಗೆ ಮರುಕವೂ ಇತ್ತು, ಭಯವೂ ಇತ್ತು. ಕೆಳಗೆ ಹೊಡೆದಾಟವಾದರೆ ಮನೆಮಠ ಕಳೆದುಕೊಂಡವರು ಗುಡ್ಡ ಹತ್ತಿ ತನ್ನ ಅಂಗಳಕ್ಕೇ ಬರುತ್ತಾರೆಂದು ಬಲ್ಲ. ಪಂಚಾಯ್ತಿ ಕಟ್ಟೆಯ ಮೇಲೆ ಕಂಬಳಿ ಹಾಸಿಸಿ ಕೂತು ಎರಡೂರನ್ನೂ ಕರೆಸಿದ. ಮಚ್ಚು ಕೆಳಗಿಡಿ ಎಂದ. ನೀರನ್ನು ಹಿತಮಿತವಾಗಿ ಬಳಸಿ ಎಂದ. ಇನ್ನು ಮೇಲೆ ಗುಡ್ಡದಿಂದ ಒಂದು ಕಡ್ಡಿಯನ್ನೂ ಯಾರೂ ಮುರಿಯಕೂಡದು ಎಂದ. ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಜನಕ್ಕೆ ಉರಿ ಹತ್ತಿಸಿದ್ದೂ ಅದೇ.

ಗುಂಪಿನಲ್ಲಿದ್ದ ಒಬ್ಬ ಮುದುಕಿ ಕೇಳಿದಳು: "ಮಚ್ಚಿಗೆ ದುಡ್ಡು ಎಣಿಸಿಕೊಂಡ್ರಿ. ಬುದ್ಧಿಮಾತು ಮಾತ್ರ ಪುಕ್ಕಟೆಯೇನಪ್ಪಾ?"

ಜನ ನಕ್ಕರು. ನಗುನಗುತ್ತಲೇ ಹುಡುಗರು ಕಲ್ಲು ಆರಿಸಿಕೊಂಡರು.

ನೀರುಗಂಟಿ ಅದನ್ನು ಕಂಡ. ಕಲ್ಲು ಬಿದ್ದರೆ ಯಜಮಾನ ಗಾಡಿ ಹತ್ತಿ ಹೋಗುತ್ತಾನೆ. ಹೂಳು ಇಲ್ಲೇ ಇರುತ್ತದೆ, ಮಚ್ಚು ಇಲ್ಲೇ ಇರುತ್ತದೆ. ಬೆಳಗಂತೂ ಆಗಿಯೇ ಆಗುತ್ತದೆ. ಅವನು ಕೆರೆಗೆ ಓಡಿ, ಒಂದು ಪುಟ್ಟಿ ಹೂಳು ತುಂಬಿ ತಂದು ಕಟ್ಟೆಯ ಕೆಳಗೆ ಇಟ್ಟ. ಮಣ್ಣಿನ ತುಂಬ ಇದ್ದಿಲಿನ ಚೂರು. ಹೊಲದ ಮಣ್ಣಿನಲ್ಲಿ ಇದ್ದಿಲು ಎಲ್ಲಿಂದ ಬರಬೇಕು? ಎರಡೂರಿನವರೂ ಮೊದಲ ಬಾರಿಗೆ ಗುಡ್ಡದ ಕಡೆ ತಿರುಗಿದರು.

"ಯಜಮಾನ್ರೇ, ನೀವು ಹೇಳಿದ್ದು ಸರಿಯಾಗಿದೆ, ಬೇಡ ಅನ್ನಲ್ಲ," ಎಂದ ನೀರುಗಂಟಿ. "ಆದರೆ ಕಟ್ಟೆ ಮೇಲೆ ಕೂತು ಹೇಳಬೇಡಿ. ಕೆಳಗಿಳಿದು, ಇದನ್ನ ಹೊತ್ತುಕೊಂಡು ಹೇಳಿ."

ಯಜಮಾನ ಬಗ್ಗಿ ಒಂದು ಚೂರು ಎತ್ತಿಕೊಂಡು ಬೆರಳಲ್ಲಿ ಉಜ್ಜಿದ. ತನ್ನ ಅನ್ನ ಬೆಂದ ಇದ್ದಿಲು ಅವನಿಗೆ ಗುರುತು ಸಿಗದೆ ಇದ್ದೀತೇ? ಹೊತ್ತರೆ ತಪ್ಪು ನನ್ನದೆಂದು ಒಪ್ಪಿದ ಹಾಗೆ, ಆಮೇಲೆ ಈ ಜನ ಕಲ್ಲು ಹೊಡೆಯದೆ ಬಿಡುತ್ತಾರೆಯೇ ಎಂದು ಮೆಲ್ಲಗೆ ಕೇಳಿದ.

"ತಲೆ ಮೇಲೆ ಪುಟ್ಟಿ ಇದ್ದೋರಿಗೆ ಯಾರಪ್ಪಾ ಹೊಡೀತಾರೆ?" ಎಂದಳು ಮುದುಕಿ. "ಬಾ, ಸಿಂಬಿ ನಾನು ಸುತ್ತಿಕೊಡ್ತೀನಿ."

ಅವನು ಇಳಿದ. ಮುದುಕಿ ಅವನ ಹೆಗಲ ವಸ್ತ್ರವನ್ನೇ ಸುತ್ತಿ ತಲೆಯ ಮೇಲಿಟ್ಟಳು. ಪುಟ್ಟಿ ಹೊತ್ತು ನಡೆದಾಗ ಕಾಲು ತಡವರಿಸಿತು, ಕೆಸರು ಕೆನ್ನೆಯ ಮೇಲೆ ಹರಿಯಿತು. ಯಾರೂ ನಗಲಿಲ್ಲ. ಹುಡುಗರು ಕಲ್ಲು ಕೆಳಗೆ ಹಾಕಿದರು. ಎರಡನೆಯ ಪುಟ್ಟಿ ಮೂಡಲೂರಿನವರು ಹೊತ್ತರು, ಮೂರನೆಯದು ಪಡುವಲೂರಿನವರು. ಪುಟ್ಟಿ ಹಿಡಿಯಲು ಎರಡು ಕೈಯೂ ಬೇಕು. ಸೊಂಟದ ಮಚ್ಚು ಬಗ್ಗಲು ಬಿಡದು. ಒಬ್ಬೊಬ್ಬರೇ ತೆಗೆದು ಏರಿಯ ಮೇಲೆ ಬಿಸಾಡಿದರು. ಯಜಮಾನ ಕುಲುಮೆಗಳ ಬೆಂಕಿ ಆರಿಸಿ ಆಳು, ಗಾಡಿ, ಎತ್ತು ಎಲ್ಲವನ್ನೂ ಕೆಳಗೆ ಕರೆಸಿದ. ಮಳೆ ಬಿದ್ದ ಮೇಲೆ ಸ್ವಂತ ಖರ್ಚಿನಲ್ಲಿ ಗುಡ್ಡಕ್ಕೆ ಸಸಿ ನೆಡಿಸಿದ. ಗುಡ್ಡ ಆ ವರ್ಷವೇ ಹಸಿರಾಗಲಿಲ್ಲ. ಬೋಳಾಗಲು ಮೂರು ತಲೆಮಾರು ಹಿಡಿದದ್ದು ಒಂದು ಮಳೆಗೆ ಚಿಗುರೀತೇ?

ಯಜಮಾನ ಮೊದಲ ಪುಟ್ಟಿ ಹೊತ್ತ ಮರುದಿನ ಬೆಳಿಗ್ಗೆ ನೀರುಗಂಟಿ ತೂಬು ಎತ್ತಿ, ಇದ್ದಷ್ಟು ನೀರನ್ನು ಎರಡು ಕಾಲುವೆಗೂ ಸಮನಾಗಿ ಬಿಟ್ಟ. ಎರಡೂರಿನವರೂ ಹೂಳು ಹೊರುತ್ತಲೇ ಇದ್ದರು. ಅವರೆಲ್ಲರಿಗೂ ಬೆನ್ನು ಹಾಕಿ, ತೂಬಿನ ಬಳಿ ಬಗ್ಗಿದವನು ಬಹಳ ಹೊತ್ತು ಹಾಗೆಯೇ ನೀರು ನೋಡುತ್ತ ನಿಂತ. ಉಸಿರು ಎದೆಯ ತಳದವರೆಗೆ ಹೋಗಿ ಬರುತ್ತಿತ್ತು.

ಶಿಷ್ಯನೂ ಉಸಿರು ಬಿಟ್ಟ. ಆ ಯಜಮಾನನೇನೋ ಇಳಿದ, ಈ ಯುರೋಪಿನವರು ಇಳಿಯದಿದ್ದರೆ ಏನು ಗತಿ ಎಂದು ಕೇಳಿದ.

ಗುರು ಹೇಳಿದರು:

"ಇಳಿಯುತ್ತಾರೋ ಇಲ್ಲವೋ ಎಂದು ಇಲ್ಲಿ ಕೂತು ನನ್ನನ್ನು ಕೇಳಬೇಡ, ಎದ್ದು ಹೋಗಿ, ಅವರ ಎದುರು ನಿಂತು, ಇಳಿಯಿರಿ ಎಂದು ಹೇಳು."