ಬೊಮ್ಮಣ್ಣನ ಕಲ್ಲು

ಹೊಳೆದಂಡೆಯ ಮಠದಲ್ಲಿ ಅಡವಯ್ಯನೆಂಬ ಗುರು. ಶಿಷ್ಯ ನಿಂಗಯ್ಯನಿಗೆ ಹಳೇ ಕಥೆ ಕೂಡಿಹಾಕುವ ಹುಚ್ಚು.

ಒಂದು ಸಂಜೆ ನಿಂಗಯ್ಯ ಓಲೆಗರಿಯ ಕಟ್ಟು ಹಿಡಿದು ಬಂದ.

"ಅಯ್ಯಾ, ನಮ್ಮ ಹೊನ್ನವ್ವನ ಮನೆತನದ ಹಿರೀಕ ಬೊಮ್ಮಣ್ಣನ ಕಥೆ ಬರೆದು ಮುಗಿಸಿದೆ. ನಾಳೆ ಊರವರ ಮುಂದೆ ಓದ್ತೀನಿ."

"ಏನಂತೆ ಅವನ ಕಥೆ?"

"ಶಿವಭಕ್ತನಾಗಿದ್ದನಂತೆ. ಹೆಂಗಸರ ಮೋಹಕ್ಕೆ ಬಿದ್ದ. ಕೊನೆಗೆ ದನ ಕದಿಯೋಕೆ ಹೋಗಿ ಸತ್ತ."

"ಯಾರು ಹೇಳಿದರು?"

"ಊರೂರ ಕಥೆಗಾರರು. ಎಲ್ಲರದೂ ಒಂದೇ ಮಾತು."

"ಅವರಿಗೆ ಯಾರು ಹೇಳಿದರು?"

"ಅವರ ಹಿರಿಯರು."

"ಆ ಹಿರಿಯರಿಗೆ?"

ನಿಂಗಯ್ಯ ತಲೆ ಕೆರೆದುಕೊಂಡ. "ಬೊಮ್ಮಣ್ಣನ ವೀರಗಲ್ಲು ನೋಡಿ ಹೇಳಿರಬೇಕು."

"ಅದು ಇಲ್ಲೇ ಇದೆಯಲ್ಲೋ. ಊರೆಲ್ಲ ಸುತ್ತಿದೆ, ಹಿತ್ತಲ ಗಿಡ ಮದ್ದಾಗಲಿಲ್ಲ ನಿನಗೆ. ನಡಿ."

ಕಲ್ಲಿನ ಹತ್ತಿರ ಮುದುಕಿ ಹೊನ್ನವ್ವ ಎಣ್ಣೆ ಹಚ್ಚುತ್ತಿದ್ದಳು. ಅವಳ ಕೈಗೆಟುಕಿದ ಮೇಲಿನೆರಡು ಸಾಲು ಕೆತ್ತನೆ ಫಳಫಳ ಹೊಳೆಯುತ್ತಿತ್ತು. ಕೆಳಗಿನ ಸಾಲಿಗೆ ಪಾಚಿ.

"ನಾಳೆ ನಮ್ಮ ಹಿರೀಕನ ಕಥೆ ಓದ್ತೀಯಂತಲ್ಲೋ ತಮ್ಮಾ. ಮೊಮ್ಮಗನ್ನೂ ಕರ್ಕೊಂಡು ಬರ್ತೀನಿ. ಅವನಿಗೂ ಬೊಮ್ಮಣ್ಣ ಅಂತಲೇ ಹೆಸರು."

ನಿಂಗಯ್ಯನಿಗೆ ಅವಳ ಮುಖ ನೋಡಲಾಗಲಿಲ್ಲ. ಗುರುವಿನ ಕಿವಿಯಲ್ಲಿ ಪಿಸುಗುಟ್ಟಿದ:

"ಕಥೆಗಾರರದು ಸುಳ್ಳಲ್ಲ ಅಯ್ಯಾ. ಮೇಲೆ ಲಿಂಗಪೂಜೆ. ನಡುವೆ ಅಕ್ಕಪಕ್ಕ ಹೆಂಗಸರು. ಕೆಳಗೆ ದನ, ಜಗಳ, ಸಾವು. ನಾಳೆ ಈ ಮುದುಕಿ ಎದುರಿಗೆ ಹೆಂಗೆ ಓದಲಿ?"

ಅಡವಯ್ಯ ಅವನ ಹೆಗಲು ಹಿಡಿದು ನೆಲಕ್ಕೆ ಕೂರಿಸಿದರು.

"ನೀನು ನಿಂತ ಕಡೆಯಿಂದ ಓದಿದೆ. ಸತ್ತವನ ಪಕ್ಕ ಕೂತು ಓದು."

ನಿಂಗಯ್ಯ ಅಂಗೈಯಲ್ಲಿ ಪಾಚಿ ಉಜ್ಜಿದ.

"ಅಯ್ಯಾ, ದನ ಇವನ ಬೆನ್ನ ಹಿಂದಿವೆ. ಕಳ್ಳರು ಎದುರಿಗಿದ್ದಾರೆ. ಬಾಣ ನೆಟ್ಟಿರೋದು ಎದೆಗೆ. ಇವನು ಕದ್ದವನಲ್ಲ, ಕಾದವನು."

"ಆಮೇಲೆ?"

ಅವನ ಕಣ್ಣು ಮೆಲ್ಲಗೆ ಮೇಲೇರಿತು. "ಈ ಹೆಂಗಸರ ಕಾಲು ನೆಲದ ಮೇಲಿಲ್ಲ. ಅಪ್ಸರೆಯರು, ಇವನನ್ನ ಎತ್ತಿಕೊಂಡು ಹೋಗ್ತಿದ್ದಾರೆ."

"ಎಲ್ಲಿಗೆ?"

ಎಲ್ಲಕ್ಕಿಂತ ಮೇಲೆ ಲಿಂಗದ ಮುಂದೆ ಬೊಮ್ಮಣ್ಣ ಕೈ ಮುಗಿದು ಕೂತಿದ್ದ. ನಿಂಗಯ್ಯ ಕೂತಲ್ಲೇ ಕೈ ಮುಗಿದ. "ಶಿವನ ಹತ್ರಕ್ಕೆ ಅಯ್ಯಾ, ಈ ಕಲ್ಲನ್ನ ಕೆಳಗಿನಿಂದ ಮೇಲಕ್ಕೆ ಓದಬೇಕಿತ್ತು."

"ಏನಾಯ್ತೋ ತಮ್ಮಾ?" ಅಂದಳು ಹೊನ್ನವ್ವ.

"ಏನಿಲ್ಲವ್ವಾ. ಮೊಮ್ಮಗನ್ನ ತಪ್ಪದೇ ಕರ್ಕೊಂಡು ಬಾ." ಗುರುವಿನ ಕಡೆ ತಿರುಗಿದ. "ಅಯ್ಯಾ, ಈ ಓಲೆಗಳನ್ನ ಹೊಳೆಗೆ ಹಾಕಿಬಿಡಲಾ?"

"ಇಟ್ಟುಕೊ. ದಾರಿ ಎಲ್ಲಿ ತಪ್ಪಿತು ಅನ್ನೋದಕ್ಕೂ ಗುರುತು ಬೇಕು."

"ಹಾಗಾದ್ರೆ ಈಗೇನು ಮಾಡಲಿ? ಹೊಸದಾಗಿ ಬರೀಲಾ?"

"ಬರೆಯೋದು ಆಮೇಲೆ. ಮೊದಲು ಆ ಎಣ್ಣೆ ಬಟ್ಟಲು ಇಸ್ಕೊ. ಹೊನ್ನವ್ವನ ಸೊಂಟ ಬಗ್ಗೋದಿಲ್ಲ, ಕೆಳಗಿನ ಸಾಲಿಗೆ ನೀನು ಹಚ್ಚು."