ಹನಿ ಚೆಲ್ಲದ ಕೈ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನನ್ನ ಸೋದರತ್ತೆ ಶಿವಗಂಗವ್ವ. ಸಜ್ಜೆ ರೊಟ್ಟಿ ತಟ್ಟುತ್ತ ಹೇಳುತ್ತಿದ್ದರು. ರೊಟ್ಟಿ ತಿರುವಿ ಹಾಕುವಾಗ ಮಾತು ನಿಲ್ಲುತ್ತಿತ್ತು, ಬೆಂದ ಮೇಲೆ ಮುಂದಕ್ಕೆ ಹೋಗುತ್ತಿತ್ತು. ಅವರ ಬಾಯಿಂದ ಕೇಳಿದ್ದನ್ನು ಇಲ್ಲಿ ಇಟ್ಟಿದ್ದೇನೆ. ನಾನು ಕೂಡಿಸಿದ್ದು ಕಡಿಮೆ.

ಹಗರಿ ಹೊಳೆಯ ದಂಡೆಗೆ ಒಂದು ಸಣ್ಣ ಮಠವಿತ್ತು. ಅಲ್ಲಿ ಮರುಳಜ್ಜ ಎಂಬ ಗುರುಗಳಿದ್ದರು. ಮಠದಲ್ಲಿ ದಿನಕ್ಕೆ ಮೂರು ಸಲ ದಾಸೋಹದ ಗಂಟೆ ಬಾರಿಸುತ್ತಿದ್ದರು. ಸದ್ದು ಕೇಳಿ ಯಾರು ಬಂದು ಕೂತರೂ ಊಟ.

ಬಡಿಸುವವನು ಶಿಷ್ಯ ಕೊಟ್ರಯ್ಯ.

ಹನ್ನೆರಡು ವರ್ಷ ಬಡಿಸಿದ್ದ. ಒಂದು ಹನಿ ಸಾರು ಎಲೆಯ ಆಚೆ ಬಿದ್ದದ್ದನ್ನು ಯಾರೂ ಕಂಡಿರಲಿಲ್ಲ. ಹೊಸ ಧೋತರ ಉಟ್ಟವರು ಅವನ ಸಾಲನ್ನೇ ಹುಡುಕಿಕೊಂಡು ಕೂರುತ್ತಿದ್ದರು. ಊರೆಲ್ಲ ಹೊಗಳುತ್ತಿತ್ತು. ಅಜ್ಜ ಮಾತ್ರ ಒಂದು ದಿನವೂ ಒಂದು ಮಾತು ಆಡಿದವರಲ್ಲ.

ಒಂದು ಬೆಳಿಗ್ಗೆ ಕೊಟ್ರಯ್ಯ ಮಠದ ಆಕಳಿಗೆ ಹೊಳೆದಂಡೆಯಲ್ಲಿ ಹುಲ್ಲು ಕೊಯ್ಯುತ್ತಿದ್ದ. ಕುಡುಗೋಲು ಬೀಸಿದವನು ತಟ್ಟನೆ ಕೈ ತಡೆದ. ಅಲಗಿನಿಂದ ಒಂದು ಬೆರಳು ಆಚೆ, ಹುಲ್ಲಿನ ಗುಳಿಯಲ್ಲಿ, ಮೊಲದ ಮರಿಯೊಂದು ಕೂತಿತ್ತು. ಬೊಗಸೆಯಷ್ಟು ಮೈ. ತೆರೆದ ಕಣ್ಣು. ಅದು ಅಲುಗಲಿಲ್ಲ.

ಅವನು ಸುತ್ತ ನೋಡಿದ. ತಾಯಿ ಇಲ್ಲ. ಮರಿಯನ್ನು ಹೆಗಲ ವಸ್ತ್ರದಲ್ಲಿ ಸುತ್ತಿಕೊಂಡು ಮಠಕ್ಕೆ ತಂದ.

"ಅಜ್ಜಾರ, ಪಾಪ, ಇದರ ತಾಯಿ ಬಿಟ್ಟು ಹೋಗೈತ್ರಿ."

"ಬಿಟ್ಟು ಹೋಗಿದ್ದನ್ನ ನೋಡಿದಿ ಏನು, ತಮ್ಮಾ?"

"ಇಲ್ಲರಿ. ಎಲ್ಲೂ ಕಾಣಲಿಲ್ಲ."

"ಹಂಗಾರ ಕಾಣಲಿಲ್ಲ ಅನ್ನು."

ಅಷ್ಟು ಹೇಳಿ ಅಜ್ಜ ಜಪಕ್ಕೆ ಕೂತರು. ಕೊಟ್ರಯ್ಯನಿಗೆ ಆ ಮಾತು ತಲೆಗೆ ಹೋಗಲಿಲ್ಲ. ಮರಿಗೆ ಹಸಿವಾಗಿದೆ ಎಂಬುದೊಂದೇ ಅವನಿಗೆ ಗೊತ್ತು. ಹಸಿದವರಿಗೆ ಬಡಿಸುವುದು ಅವನ ಕೆಲಸ.

ಬೆಳಗಿನ ಗಂಟೆಗೆ ಚಮಚದಲ್ಲಿ ಆಕಳ ಹಾಲು ಹಿಡಿದ. ಮರಿ ತಲೆ ಕೊಡವಿತು. ಹಾಲು ಅವನ ಗಡ್ಡಕ್ಕೆ, ಗೋಡೆಗೆ, ಆಗಷ್ಟೇ ಸಾರಿಸಿದ ನೆಲಕ್ಕೆ ಹಾರಿತು.

ಅಡಿಗೆಮನೆಯ ನೀಲವ್ವ ಹೊಸ್ತಿಲಲ್ಲಿ ನಿಂತು ನೋಡಿದಳು.

"ಸಾವಿರ ಮಂದಿಗೆ ಬಡಿಸಿದ ಕೈ ಇದೇ ಏನೋ ಕೊಟ್ರಯ್ಯಾ?"

"ಎಲೆ ಆದ್ರ ಸುಮ್ಮನ ಇರ್ತೈತಿ ನೀಲವ್ವಾ. ಇದು ಒಂದ ಕಡೆ ಇರಂಗಿಲ್ಲ."

"ಎಲೆಗೆ ಬಡಿಸಿದವನು, ಬಾಯಿಗೆ ಬಡಿಸಿ ನೋಡು ಈಗ," ಎಂದು ನಕ್ಕಳು. ಆದರೂ ಒಳಗೆ ಹೋಗಿ, ತನ್ನ ಮಕ್ಕಳಿಗೆ ಹಾಲು ಕುಡಿಸಿದ್ದ ಹಿತ್ತಾಳೆಯ ಒಳಲೆ ತಂದುಕೊಟ್ಟಳು. ಅದರ ಮೂತಿ ಚೂಪಾಗಿತ್ತು.

ಮಧ್ಯಾಹ್ನದ ಗಂಟೆಗೆ ಒಳಲೆ ಹಿಡಿದ. ಹಾಲು ಮರಿಯ ಬಾಯಿಗೆ ಹೋಗಿ ಮೂಗಿನಿಂದ ಬಂತು. ಮರಿ ಸೀನಿತು. ಆಮೇಲೆ ಹತ್ತಿಯ ಬತ್ತಿ ಅದ್ದಿ ಹಿಡಿದ. ಮರಿ ಬತ್ತಿಯನ್ನು ಕಿತ್ತು ಎಸೆಯಿತು. ಸಂಜೆಯ ಗಂಟೆಗೆ ಒಂದು ಕೈಯಲ್ಲಿ ಅದರ ತಲೆ ಬಿಗಿಹಿಡಿದು ಕುಡಿಸಿದ. ಆಗಲೂ ಚೆಲ್ಲಿತು. ಕೊಟ್ರಯ್ಯ ಪ್ರತಿ ಸಲ ಒರೆಸಿದ, ಸಾರಿಸಿದ, ಕೈ ತೊಳೆದ. ಇರುವೆಗಳು ಸಾಲು ಹಿಡಿದು ಬಂದವು.

ಸೋತು ಅಜ್ಜನ ಹತ್ತಿರ ಹೋದ.

"ಅಜ್ಜಾರ, ಚೆಲ್ಲದಂಗ ಇದಕ್ಕ ಹಾಲು ಕುಡಿಸೋದು ಹೆಂಗರಿ?"

"ಎಲ್ಲಿ ಚೆಲ್ಲೈತಿ?"

"ನೆಲದ ಮ್ಯಾಲರಿ. ಗ್ವಾಡಿ ಮ್ಯಾಲ. ಮರಿ ಮೈ ಮ್ಯಾಲ."

"ಮೊದಲ ಯಾವುದು ಒರೆಸಿದಿ?"

ಕೊಟ್ರಯ್ಯ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ನೋಡಿಕೊಂಡ.

"ನೆಲಾರಿ," ಎಂದ ಕೊನೆಗೆ.

ಕೊಟ್ರಯ್ಯ ತಿರುಗಿ ಬಂದು ಮರಿಯನ್ನು ಎತ್ತಿಕೊಂಡ. ಕೊರಳ ಕೆಳಗಿನ ಕೂದಲು ಹಾಲು ಒಣಗಿ ಗಂಟುಗಂಟಾಗಿತ್ತು. ಹೊಟ್ಟೆ ತಮಟೆಯ ಹಾಗೆ ಬಿಗಿದಿತ್ತು. ಅವನು ಬೆರಳಿನಿಂದ ಒಂದೊಂದೇ ಗಂಟು ಬಿಡಿಸಲು ನೋಡಿದ. ಮರಿ ನಡುಗಿತು.

ಮರುದಿನ ಅದು ತಲೆ ಎತ್ತಲಿಲ್ಲ. ಹಾಲು ತುಟಿಗೆ ತಾಗಿಸಿದರೆ ಬಾಯಿ ಬಿಗಿಹಿಡಿಯಿತು. ಮಧ್ಯಾಹ್ನದ ಪಂಕ್ತಿ ಮುಗಿದರೂ ಕೊಟ್ರಯ್ಯ ಉಣ್ಣಲಿಲ್ಲ. ಮರಿಯನ್ನು ಅಜ್ಜನ ಪಾದದ ಹತ್ತಿರ ಇಟ್ಟು ಅಡ್ಡಬಿದ್ದ.

"ಅಜ್ಜಾರ, ಇದು ಉಳಿಯಂಗಿಲ್ಲರಿ. ನೀವಾದ್ರೂ ಒಂದು ಹನಿ ಹಾಕ್ರಿ. ನಿಮ್ಮ ಕೈಲೆ ಕುಡೀತೈತಿ."

"ಇದಕ್ಕ ಬಡಿಸೋದು ನನಗೂ ಬರಂಗಿಲ್ಲ, ತಮ್ಮಾ. ಬರೋರ ಹತ್ರ ಹೋಗೂಣ, ಏಳು."

"ಯಾರ ಹತ್ರರಿ? ದನದ ಡಾಕ್ಟರ ಹತ್ರನಾ?"

"ಎಲ್ಲಿಂದ ತಂದಿಯೋ ಅಲ್ಲಿಗೆ."

ಬಾಗಿಲಲ್ಲಿ ನೀಲವ್ವ ಅಡ್ಡ ನಿಂತಳು. ಈಗ ಅವಳು ನಗುತ್ತಿರಲಿಲ್ಲ.

"ಮನುಷ್ಯಾರ ಕೈ ತಾಗಿದ ಮರೀನ ತಾಯಿ ಮೂಸಿ ನೋಡಂಗಿಲ್ಲಂತ್ರಿ ಅಜ್ಜಾರ. ಹದ್ದಿನ ಬಾಯಿಗೆ ಹಾಕಿದಂಗ ಆಗ್ತೈತಿ."

"ಹಂಗಂತ ಯಾರಂದ್ರವ್ವಾ?"

"ಮಂದಿ ಅಂತಾರ್ರಿ."

"ಆ ತಾಯಿ ಅಂದಾಳೇನು?"

ನೀಲವ್ವ ದಾರಿ ಬಿಟ್ಟಳು.

ಕೊಟ್ರಯ್ಯ ಮರಿಯನ್ನು ಎದೆಗೆ ಒತ್ತಿಕೊಂಡು ಮುಂದೆ ನಡೆದ. ಅಜ್ಜ ಕೋಲೂರಿಕೊಂಡು ಹಿಂದೆ. ಹೊಳೆದಂಡೆಯಲ್ಲಿ ಅರ್ಧ ಕೊಯ್ದ ಹುಲ್ಲು ಹಾಗೆಯೇ ನಿಂತಿತ್ತು. ಆ ಗುಳಿಯ ಸುತ್ತ ಮಾತ್ರ ಹುಲ್ಲು ತುಳಿದು ಮಲಗಿತ್ತು. ಹಸಿ ಮಣ್ಣಿನಲ್ಲಿ ಸಣ್ಣ ಹೆಜ್ಜೆಗಳಿದ್ದವು. ಗುಳಿಯಿಂದ ಆಚೆ ಹೋಗಿ, ಮತ್ತೆ ಗುಳಿಗೇ ಬಂದು, ಮತ್ತೆ ಆಚೆ ಹೋಗಿದ್ದವು.

ಅಜ್ಜ ಬಗ್ಗಿ ನೋಡಿದರು.

"ನಿನ್ನೆ ಸಂಜೀಕ ಬಂದಿದ್ಲು," ಎಂದರು.

ಕೊಟ್ರಯ್ಯ ಆ ಹೆಜ್ಜೆಗಳ ಪಕ್ಕದಲ್ಲಿ ಕುಕ್ಕರಿಸಿದ. ನಿನ್ನೆ ಸಂಜೆ ಅವಳು ಇಲ್ಲಿ ಸುತ್ತುತ್ತಿದ್ದ ಹೊತ್ತಿಗೆ ಅವನು ಮಠದಲ್ಲಿ ಮರಿಯ ತಲೆಯನ್ನು ಬಿಗಿಹಿಡಿದು ಕೂತಿದ್ದ.

"ಇವತ್ತೂ ಬರ್ತಾಳ್ರಿ?"

"ನನಗೇನು ಗೊತ್ತು? ನಾ ಏನು ಮೊಲಾನಾ?"

ಅಜ್ಜ ಹೇಳಿದಂತೆ ಅವನು ಹುಲ್ಲನ್ನೂ ಮಣ್ಣನ್ನೂ ಅಂಗೈಗೆ ತಿಕ್ಕಿಕೊಂಡ. ಮರಿಯನ್ನು ಗುಳಿಯಲ್ಲಿ ಇಟ್ಟ. ಇಬ್ಬರೂ ದೂರ ಬಂದು, ಗಾಳಿ ತಮ್ಮ ಕಡೆಗೆ ಬೀಸುವ ಹಾಗೆ ನೋಡಿಕೊಂಡು, ಜಾಲಿಯ ಮರೆಯಲ್ಲಿ ಕೂತರು.

"ಧೋತರದ ಮರೆಯಾಗ ಏನದು?" ಎಂದರು ಅಜ್ಜ.

ಕೊಟ್ರಯ್ಯ ನಾಚಿಕೊಂಡು ಸಣ್ಣ ಗಿಂಡಿಯನ್ನೂ ಒಳಲೆಯನ್ನೂ ಹೊರಗೆ ತೆಗೆದ.

"ಹಾಲ್ರಿ. ಒಂದು ವ್ಯಾಳ್ಯಾ ಆಕಿ ಬರದಿದ್ರ..."

"ಒಳಲಿಗೆ ಹಾಕಿ ಹಿಡಕೊಂಡು ಕೂಡು. ನೀ ಹಿಡಿದ್ರ ಚೆಲ್ಲಂಗಿಲ್ಲಲ್ಲ."

ಕೊಟ್ರಯ್ಯ ಅಂಚಿನವರೆಗೆ ಹಾಲು ತುಂಬಿದ ಒಳಲೆಯನ್ನು ಬಲಗೈಯಲ್ಲಿ ಹಿಡಿದು ಕೂತ.

ಬಿಸಿಲು ಇಳಿಯಿತು. ಹೊಳೆಯ ಮೇಲೆ ಒಂದು ಹದ್ದು ಸುತ್ತು ಹಾಕಿತು. ಅದರ ನೆರಳು ಹುಲ್ಲಿನ ಮೇಲೆ ಹರಿದು ಗುಳಿಯ ಹತ್ತಿರ ಬಂತು. ಕೊಟ್ರಯ್ಯ ಏಳಲು ಹೋದ. ಅಜ್ಜನ ಕೈ ಅವನ ಮೊಣಕಾಲ ಮೇಲೆ ಕೂತಿತು.

ನೆರಳು ದಾಟಿ ಹೋಯಿತು.

ಹೊತ್ತು ಮುಳುಗಿತು. ದಂಡೆಯಲ್ಲಿ ಯಾವ ಕಡೆಯಿಂದಲೂ ಏನೂ ಬರಲಿಲ್ಲ.

"ಬರಲಿಲ್ಲರಿ ಅಜ್ಜಾರ."

"ಶ್ಶ್."

ಆಗ ನೆಲ ಎದ್ದಿತು.

ಗುಳಿಯಿಂದ ಹತ್ತು ಮಾರು ಆಚೆ ಒಂದು ಮಣ್ಣುಹೆಂಟೆ ಇತ್ತು. ಕೂತಾಗಿನಿಂದ ಕೊಟ್ರಯ್ಯ ಅದರ ಮೇಲೆಯೇ ಕಣ್ಣು ಹಾಯಿಸುತ್ತ, ಅದರ ಆಚೆಗೆ ತಾಯಿಯನ್ನು ಹುಡುಕುತ್ತಿದ್ದ. ಆ ಹೆಂಟೆಗೆ ಎರಡು ಕಿವಿ ಮೂಡಿದವು. ಹೆಂಟೆ ಮೈ ಜಾಡಿಸಿಕೊಂಡಿತು. ಅದು ಬಂದದ್ದಲ್ಲ. ಅಲ್ಲೇ ಇತ್ತು. ಅವರು ಬರುವ ಮುಂಚಿನಿಂದಲೂ ಇತ್ತು.

ಅವಳು ನೇರವಾಗಿ ಮರಿಯ ಕಡೆ ಹೋಗಲಿಲ್ಲ. ಒಂದು ಸುತ್ತು ಬಂದಳು. ನಿಂತಳು. ಹೆಜ್ಜೆಯ ಜಾಡು ಕಡಿಯುವ ಹಾಗೆ ಪಕ್ಕಕ್ಕೆ ಒಂದು ದೊಡ್ಡ ನೆಗೆತ ನೆಗೆದು, ಗುಳಿಯ ಮೇಲೆ ಇಳಿದಳು. ಮೂಗು ಮರಿಗೆ ಹತ್ತಿರ ಹೋಯಿತು. ಅಲ್ಲಿಯೇ ನಿಂತಿತು.

ಕೊಟ್ರಯ್ಯ ಮುಂದಕ್ಕೆ ಬಾಗಿದ. ಅವನ ಕೈಯ ವಾಸನೆ ಆ ಮೈಮೇಲೆ ಇತ್ತು. ಅವನ ಆಕಳ ಹಾಲು ಇತ್ತು. ಅವನ ಎರಡು ದಿನದ ತಪ್ಪು ಪೂರಾ ಇತ್ತು.

ತಾಯಿ ನಾಲಿಗೆ ಚಾಚಿದಳು. ಮರಿಯ ಕೊರಳ ಕೆಳಗೆ ನೆಕ್ಕತೊಡಗಿದಳು. ಅವನು ಚೆಲ್ಲಿದ್ದನ್ನೆಲ್ಲ, ಅವನ ಬೆರಳಿಗೆ ಬಿಡಿಸಲು ಬಾರದ ಗಂಟುಗಳನ್ನೆಲ್ಲ, ನೆಕ್ಕಿ ನೆಕ್ಕಿ ತೆಗೆದಳು. ಆಮೇಲೆ ಅದರ ಮೇಲೆ ನಿಂತಳು.

ಬೆಳಗಿನಿಂದ ತಲೆ ಎತ್ತದ ಮರಿ ತಲೆ ಎತ್ತಿ ಮೊಲೆಗೆ ಬಾಯಿ ಹಚ್ಚಿತು.

ಒಂದು ಜಪಮಾಲೆ ತಿರುಗುವಷ್ಟು ಹೊತ್ತು. ಅಷ್ಟೇ. ಹುಲ್ಲು ಅಲುಗಲಿಲ್ಲ, ಸದ್ದಾಗಲಿಲ್ಲ, ಒಂದು ಹನಿ ಆಚೆ ಬೀಳಲಿಲ್ಲ. ತಾಯಿ ಮೆಲ್ಲಗೆ ಸರಿದು ಇನ್ನೊಂದು ನೆಗೆತಕ್ಕೆ ಹುಲ್ಲಿನೊಳಗೆ ಹೋದಳು. ಎಲ್ಲಿ ಹೋದಳೆಂದು ನೋಡುತ್ತಿದ್ದವನಿಗೂ ತಿಳಿಯಲಿಲ್ಲ. ಮರಿ ಗುಳಿಯಲ್ಲಿ ಮುದುಡಿ ಮಣ್ಣಿನ ಬಣ್ಣವಾಯಿತು.

"ಮತ್ತ ಯಾವಾಗ ಬರ್ತಾಳ್ರಿ?" ಎಂದು ಕೊಟ್ರಯ್ಯ ಪಿಸುಗುಟ್ಟಿದ.

"ನಾಳೆ ಸಂಜೀಕ."

"ದಿನಕ್ಕ ಒಂದ ಸಲ?"

"ಆಕಿ ಮಠದಾಗ ಗಂಟಿ ಇಲ್ಲ, ತಮ್ಮಾ."

"ಅಜ್ಜಾರ, ನಾ ಹುಲ್ಲು ಕೊಯ್ದಾಗೂ ಆಕಿ ಇಲ್ಲೇ ಇದ್ದಳೇನ್ರಿ? ನಾ ಎತ್ತಿಕೊಂಡು ಹೋಗೂದನ್ನ ನೋಡಿಕೋತ ಕೂತಿದ್ದಳೇನ್ರಿ?"

ಅಜ್ಜ ಕೋಲಿನ ತುದಿಯಿಂದ ಅವನ ತೊಡೆಯನ್ನು ತೋರಿಸಿದರು.

"ನಿನ್ನ ಧೋತರ ನೋಡಿಕೋ."

ಕೊಟ್ರಯ್ಯ ನೋಡಿದ. ಒಳಲೆ ಅವನ ಕೈಯಲ್ಲಿ ಬೋರಲಾಗಿತ್ತು. ಹಾಲೆಲ್ಲ ತೊಡೆಯ ಮೇಲೆ ಸುರಿದು ಮೊಣಕಾಲಿನವರೆಗೆ ಹರಿದಿತ್ತು. ಯಾವಾಗ ಚೆಲ್ಲಿತೋ ಅವನಿಗೆ ಗೊತ್ತಾಗಿರಲಿಲ್ಲ. ಒಂದು ಇರುವೆ ಆಗಲೇ ದಾರಿ ಕಂಡುಕೊಂಡು ಹತ್ತುತ್ತಿತ್ತು.

ಅವನು ಒರೆಸಲು ಹೋಗಲಿಲ್ಲ. ಒದ್ದೆ ಧೋತರದಲ್ಲೇ ಗುಳಿಯಿದ್ದ ಕಡೆಗೆ ಮಂಡಿಯೂರಿ, ಹಣೆಯನ್ನು ನೆಲಕ್ಕೆ ಹಚ್ಚಿದ. ಏಳುವಾಗ ಅವನ ಕಣ್ಣು ತುಂಬಿತ್ತು.

ಕತ್ತಲಾಗುವ ಮುಂಚೆ ಮಠದ ದಾರಿ ಹಿಡಿದರು. ದೂರದಲ್ಲಿ ನೀಲವ್ವ ದೀಪ ಹಚ್ಚುತ್ತಿದ್ದದ್ದು ಕಂಡಿತು.

"ಅಜ್ಜಾರ, ನಾಳೆ ಪಂಕ್ತಿಯೊಳಗ ಮಂದಿ ಕೇಳ್ತಾರ್ರಿ, ಮರಿ ಏನಾತು ಅಂತ. ಏನು ಹೇಳ್ಲಿ? ಹೇಳಾಕ ಹೋದ್ರ ನನ್ನ ಬಾಯಾಗ ಅರ್ಧ ಚೆಲ್ಲಿ ಹೋಗ್ತೈತ್ರಿ."

ಅಜ್ಜ ನಿಂತರು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವನ ಬಲಗೈಯನ್ನು ತಮ್ಮ ಕೈಯಲ್ಲಿ ಹಿಡಿದರು.

"ಕಂಡಿದ್ದನ್ನ ಎಲೆ ಮುಂದ ಕೂತವರಿಗೆಲ್ಲ ಬಡಿಸು, ತಮ್ಮಾ. ಉಂಡವರು ಮನಿಗೆ ಒಯ್ದು ತಮ್ಮವರಿಗೂ ಬಡಿಸಲಿ. ಚೆಲ್ಲಿದರ ಚೆಲ್ಲಲಿ."