ಹೂಂಗುಟ್ಟಿದ ಹಲ್ಲಿ

ದೇಶದ ಸಂಗೀತ ಚಾನೆಲ್ಲೊಂದು ಶುರುವಾದಂದಿನಿಂದ ಅದರ ಸ್ಟುಡಿಯೋದ ಹಲ್ಲಿ ದೀಪಕ್ಕೆ ಬರುವ ಹುಳು ತಿಂದು ಕೊಬ್ಬಿತ್ತು. ಮೈಕು ದಿನವೂ, "ನಮ್ಮ ಹಾಡನ್ನು ದೇಶವೇ ಕೇಳುತ್ತಿದೆ," ಎನ್ನುತ್ತಿತ್ತು. ಹಲ್ಲಿ ಲೊಚಗುಟ್ಟುತ್ತಿತ್ತು. ಶಕುನ ನಂಬುವ ಸಿಬ್ಬಂದಿ ಮೇಜು ತಟ್ಟಿ, "ಸತ್ಯ, ಸತ್ಯ," ಎನ್ನುತ್ತಿದ್ದರು.

ಕೇಳುಗರ ಸಂಖ್ಯೆ ಕರಗಿದ ಮೇಲೂ ಮೈಕು ಅದನ್ನೇ ಹೇಳುತ್ತಿತ್ತು; ಹಲ್ಲಿಯೂ ಲೊಚಗುಟ್ಟುವುದನ್ನು ಬಿಡಲಿಲ್ಲ.

"ಸುಳ್ಳಿಗೇಕೆ ಸಾಕ್ಷಿ ಹೇಳುತ್ತೀಯೆ?" ಎಂದು ಮೂಲೆಯಲ್ಲಿ ಬಲೆ ಕಟ್ಟಿದ್ದ ಜೇಡ ಕೇಳಿತು.

"ದೀಪದ ಕೆಳಗೆ ಉಣ್ಣುವವಳು ದೀಪದವರ ಮಾತಿಗೆ ಹೂಂ ಅನ್ನಬೇಡವೇ?" ಎಂದಿತು ಹಲ್ಲಿ.

ಚಾನೆಲ್ ಮುಚ್ಚಿತು. ಜನ ದೀಪ, ಮೇಜುಗಳನ್ನೆಲ್ಲ ಹೊತ್ತೊಯ್ದು ಬಾಗಿಲಿಗೆ ಬೀಗ ಜಡಿದರು. ಹಸಿದ ಹಲ್ಲಿ ಕತ್ತಲಿಗೆ, "ಯಾರಾದರೂ ಇದ್ದೀರಾ?" ಎಂದು ಕೂಗಿತು.

"ದೇಶವೇ ಕೇಳುತ್ತಿದೆ," ಎಂದಿತು ತಂತಿ ಕಡಿದು ಅಲ್ಲೇ ಬಿಟ್ಟುಹೋಗಿದ್ದ ಮೈಕು.

ಹಲ್ಲಿ ಬಾಯಿ ಬಿಗಿಹಿಡಿಯಿತು. ಗಂಟಲು ತಾನಾಗಿ ಲೊಚಗುಟ್ಟಿತು.

ಈಗಿಲ್ಲದ ಮೇಜನ್ನು ಯಾರೋ ಮೂರು ಸಲ ತಟ್ಟಿದರು.

"ಸತ್ಯ."